ಸೀಸಕ್ಕೆ ವಾಸನೆಯಿಲ್ಲ

ಜೂನ್ ೪, ಭಾನುವಾರ

ಇವತ್ತಿನಿಂದ ಈ ಮನೆ ನನ್ನದಲ್ಲ. ಬೆಳಿಗ್ಗೆ ತಮ್ಮ ಬಂದು ಚಿಕ್ಕಮ್ಮನನ್ನು ಕಾರಿನಿಂದ ಇಳಿಸಿ, ಎರಡು ಚೀಲ ಬಾಗಿಲಲ್ಲಿಟ್ಟು ಹೋದ. ಚಿಕ್ಕಮ್ಮ ಮೆಟ್ಟಿಲು ಹತ್ತುವ ಹಾಗಿಲ್ಲವಂತೆ. ಅವಳು ಬಾಡಿಗೆಗಿದ್ದ ಕೋಣೆ ಮಹಡಿಯ ಮೇಲೆ, ತಮ್ಮನ ಮನೆ ಅದಕ್ಕಿಂತ ಮೇಲೆ. "ನಿಂದು ಕೆಳಗಡೆ ಮನೆ ಅಲ್ವಾ ಅಕ್ಕ" ಎಂದ. ನೆಲದ ಮೇಲೆ ಮನೆ ಮಾಡಿಕೊಂಡಿದ್ದೇ ನನ್ನ ಅಪರಾಧ. ಚಹಾ ಕುಡಿಯಲೂ ನಿಲ್ಲಲಿಲ್ಲ ಪುಣ್ಯಾತ್ಮ.

ಅಮ್ಮನ ಕೊನೆಯ ತಂಗಿ ಇವಳು. ಮದುವೆಯಾಗದೆ, ಆಯಸ್ಸನ್ನೆಲ್ಲ ಸಿಟಿ ಬಸ್ಸಿನ ಕಂಡಕ್ಟರಾಗಿ ನಿಂತೇ ಕಳೆದಳು. ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ಎಡಗಾಲಿನ ಗಿಣ್ಣಿನ ಮೇಲೆ, ಹಿಂಬದಿಗೆ, ಅಂಗೈಯಗಲದ ಹುಣ್ಣು. ಮಾಯುತ್ತಲೇ ಇಲ್ಲವಂತೆ. ದಿನಾ ತೊಳೆದು ಔಷಧ ಹಚ್ಚಿ ಬಿಗಿಯಾಗಿ ಪಟ್ಟಿ ಸುತ್ತಬೇಕು.

ಸಂಜೆ ಪಟ್ಟಿ ಬಿಚ್ಚಿದೆ. ಕೊನೆಯ ಸುತ್ತು ಹುಣ್ಣಿಗೆ ಅಂಟಿಕೊಂಡಿತ್ತು. ನೀರಿನಲ್ಲಿ ನೆನೆಸಿ ಎಳೆದೆ. ಹಳದಿ ಲೋಳೆ, ಅಂಚಿನಲ್ಲಿ ಹಸಿರು. ಹೂದಾನಿಯಲ್ಲಿ ಮರೆತ ನೀರಿಗೆ ಹಳೆಯ ಮಾಂಸ ಹಾಕಿದಂಥ ವಾಸನೆ. ಬಚ್ಚಲಿಗೆ ಓಡಿ ತಿಂದದ್ದನ್ನೆಲ್ಲ ಕಾರಿಕೊಂಡೆ.

"ಏನೇ, ಬಸುರೀನಾ?" ಎಂದು ಚಿಕ್ಕಮ್ಮ ಒಳಗಿನಿಂದ ಕೂಗಿದಳು. ನನಗೆ ನಲವತ್ತಮೂರು, ಮದುವೆಯಿಲ್ಲ. ಕಿಟಕಿ ತೆರೆದಿತ್ತು. ಎದುರು ಮನೆಯವರು ಬಟ್ಟೆ ಒಣಹಾಕುತ್ತಿದ್ದರು.

ಜೂನ್ ೫, ಸೋಮವಾರ

ಅವಳಿಗೆ ನನ್ನ ಕೆಲಸವೇನೆಂದು ತಿಳಿಯಬೇಕಂತೆ. ಸುಗಂಧದ ಕಾರ್ಖಾನೆ ಎಂದೆ. ಅಷ್ಟಕ್ಕೆ ಬಿಡುವ ಹೆಂಗಸಲ್ಲ. ಊಟ ಮಾಡುತ್ತ, ಬಾಯಿ ತೆರೆದು ಅಗಿಯುತ್ತ, ಎಲ್ಲ ಕೇಳಿದಳು.

ನಾವು ಮಾಡುವುದು ಹುಲ್ಲಿನ ವಾಸನೆ, ಆಗಷ್ಟೇ ಕತ್ತರಿಸಿದ ಹುಲ್ಲಿನದು. ಶುರುವಿನ ದ್ರವದಲ್ಲಿ ಎರಡು ಇಂಗಾಲಗಳು ಮೂರು ಕೈ ಕೂಡಿಸಿ ಹಿಡಿದುಕೊಂಡಿರುತ್ತವೆ. ಹೈಡ್ರೋಜನ್ ಕೊಟ್ಟರೆ ಒಂದು ಹಿಡಿತ ಬಿಡುತ್ತವೆ. ಅಲ್ಲಿಗೆ ನಿಂತರೆ ಹುಲ್ಲು. ನಿಲ್ಲದೆ ಇನ್ನೊಂದು ಹಿಡಿತವನ್ನೂ ಬಿಟ್ಟರೆ ಹಳಸಿದ ಎಣ್ಣೆ. ಇದನ್ನು ಮಾಡಿಸುವ ಲೋಹ ಪಲ್ಲೇಡಿಯಂ. ಅದಕ್ಕೆ ನಿಲ್ಲುವುದೇ ಗೊತ್ತಿಲ್ಲ. ಹಾಗಾಗಿ ಅದನ್ನು ಸುಣ್ಣದ ಪುಡಿಯ ಮೇಲೆ ಕೂರಿಸಿ, ಮೈಗೆ ಸೀಸ ಸವರಿ, ಕ್ವಿನೊಲಿನ್ ಎಂಬ ನಾತದ ಎಣ್ಣೆಯನ್ನು ಸ್ವಲ್ಪ ಸೇರಿಸಿ, ಅರ್ಧ ಜೀವ ತೆಗೆದು ಕೆಲಸಕ್ಕಿಡುತ್ತೇವೆ. ಎಲ್ಲ ಮುಗಿದ ಮೇಲೆ ಸೋಸಿ, ಬಟ್ಟಿ ಇಳಿಸಿದರೆ ಸೀಸ, ಕ್ವಿನೊಲಿನ್ ಎರಡೂ ಹಂಡೆಯ ತಳದಲ್ಲಿ ಉಳಿದು, ಶುದ್ಧ ಮಾಲು ಮೇಲೆ ಬರುತ್ತದೆ. ಅದರ ಗುಣ ನೋಡುವವಳು ನಾನು: ಯಂತ್ರದಲ್ಲೂ ನೋಡುತ್ತೇನೆ, ಮೂಗಿನಲ್ಲೂ ನೋಡುತ್ತೇನೆ. ಇಡೀ ಕಾರ್ಖಾನೆಯಲ್ಲಿ ನನ್ನಂಥ ಮೂಗಿಲ್ಲ.

"ಅಂದ್ರೆ ಸೀಟಲ್ಲಿ ಮೂರು ಜನ ಕೂತಿದಾರೆ, ಒಬ್ಬನ್ನ ಇಳಿಸಬೇಕು, ಇನ್ನೊಬ್ಬನೂ ಇಳಿಯೋಕ್ಕಿಂತ ಮುಂಚೆ ರೈಟ್ ಹೇಳಬೇಕು" ಎಂದಳು. "ಅದಕ್ಕೆ ಡ್ರೈವರಿಗೆ ವಿಷ ಹಾಕ್ತೀರಾ?"

ಹೌದು ಎಂದೆ. ಅವಳು ನಕ್ಕಾಗ ಬಾಯಲ್ಲಿದ್ದದ್ದು ಮೇಜಿನ ಮೇಲೆ ಬಿತ್ತು. ನನ್ನ ಊಟ ಅಲ್ಲಿಗೆ ಮುಗಿಯಿತು.

ಜೂನ್ ೯, ಶುಕ್ರವಾರ

ಕರವಸ್ತ್ರಕ್ಕೆ ನಮ್ಮ ಮಾಲಿನ ಒಂದು ಹನಿ ಹಾಕಿ, ಮೂಗಿಗೆ ಕಟ್ಟಿಕೊಂಡು ಪಟ್ಟಿ ಬದಲಾಯಿಸುತ್ತಿದ್ದೇನೆ. ಕೈಗೆ ಎರಡೆರಡು ಗವಸು. ಉಸಿರು ಬಿಗಿಹಿಡಿದು ತೊಳೆಯುವುದು, ಕಿಟಕಿಗೆ ಹೋಗಿ ಉಸಿರಾಡುವುದು, ಮತ್ತೆ ಬಂದು ತೊಳೆಯುವುದು. ಅವಳು ನನ್ನನ್ನು "ದರೋಡೆಕೋರಿ" ಎಂದು ಕರೆಯುತ್ತಾಳೆ.

ಹಿಂಬದಿಯ ಹುಣ್ಣು ಅವಳಿಗೆ ಕಾಣುವುದಿಲ್ಲ. ಕನ್ನಡಿ ಹಿಡಿದು ತೋರಿಸು ಎಂದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಈ ದರಿದ್ರ ಮುಂಡೇದು ಕಾಲಿಗೆ ಆಗಿದೆ." ಇಂಥ ಮಾತನ್ನು ಬರೆಯಲೂ ನನಗೆ ನಾಚಿಕೆ. ಅಮ್ಮ ಒಂದು ದಿನವೂ ಈ ಪದ ಆಡಿದವಳಲ್ಲ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದರು ಎಂದರೆ ನಂಬಲಿಕ್ಕಾಗುವುದಿಲ್ಲ.

ತಮ್ಮನಿಗೆ ಫೋನ್ ಮಾಡಿ, ಬೇರೆ ಏನಾದರೂ ಏರ್ಪಾಡು ಮಾಡು ಎಂದೆ. ನೋಡೋಣ ಎಂದ. ಅವನ "ನೋಡೋಣ" ನನಗೆ ಗೊತ್ತು.

ಜೂನ್ ೧೪, ಬುಧವಾರ

ಮನೆಯಲ್ಲಿ ನಾತ, ಕಾರ್ಖಾನೆಯಲ್ಲೂ ನಾತ.

ಸೆಂಟುಸಾಹೇಬರು, ಅಂದರೆ ನಮ್ಮ ಉತ್ಪಾದನಾ ಮ್ಯಾನೇಜರು, ಅಗ್ಗಕ್ಕೆ ಸಿಕ್ಕಿತೆಂದು ಹೊಸ ಕಡೆಯಿಂದ ಕ್ಯಾಟಲಿಸ್ಟ್, ಅಂದರೆ ಆ ಸೀಸ ಸವರಿದ ಪಲ್ಲೇಡಿಯಂ ಪುಡಿ, ತರಿಸಿದ್ದರು. ಡಬ್ಬಿ ತೆರೆದಾಗಲೇ ಬಣ್ಣ ಒಂದೇ ಸಮ ಇರಲಿಲ್ಲ. ಸೀಸ ಸರಿಯಾಗಿ ಕೂತಿಲ್ಲವೆಂದೆ. ಹಾಕಿ ನೋಡಿ ಎಂದರು. ಹಾಕಿದೆವು. ಸಾಮಾನ್ಯವಾಗಿ ಮೊದಲ ಹಿಡಿತ ಬಿಟ್ಟ ಮೇಲೆ ರಿಯಾಕ್ಟರ್ ಹೈಡ್ರೋಜನ್ ಕುಡಿಯುವುದನ್ನು ನಿಧಾನ ಮಾಡುತ್ತದೆ, ಮೀಟರಿನ ಮುಳ್ಳು ನಿಲ್ಲುತ್ತದೆ, ನಾವು ಗ್ಯಾಸು ಮುಚ್ಚುತ್ತೇವೆ. ಇವತ್ತು ಮುಳ್ಳು ನಿಲ್ಲಲೇ ಇಲ್ಲ. ಬಾಯಾರಿದ ಎತ್ತಿನ ಹಾಗೆ ಕುಡಿಯಿತು. ಬಿಸಿಯೂ ಏರಿತು. ಫೋರ್‌ಮನ್ ಓಡಿ ವಾಲ್ವ್ ತಿರುಗಿಸುವ ಹೊತ್ತಿಗೆ ಮುಕ್ಕಾಲು ಮಾಲು ಹುಲ್ಲನ್ನು ದಾಟಿಹೋಗಿತ್ತು. ಮುಚ್ಚಳ ತೆಗೆದರೆ, ಹಳೆಯ ಬಾಣಲೆಯ ತಳ. ಜಿಡ್ಡು ಗಂಟಲಿಗೇ ಅಂಟಿತು.

ಸೆಂಟುಸಾಹೇಬರು ಬಂದು ನನ್ನ ಪಕ್ಕದಲ್ಲೇ ನಿಂತರು. ದಿನಾ ಮೈಗೆ ಅರ್ಧ ಸೀಸೆ ಸುರಿದುಕೊಂಡು ಬರುವ ಮನುಷ್ಯ, ಅದೂ ವಾಸನೆ ನೋಡುವ ಕೋಣೆಗೆ. "ಗಮನ ಎಲ್ಲಿತ್ತು ಮೇಡಂ?" ಎಂದರು. ತಪ್ಪು ಡಬ್ಬಿಯದು, ಬೈಗುಳ ನನಗೆ.

ಈ ಮಾಲು ಬೇಕಿದ್ದ ಕಂಪನಿಯವರು ಮುಂದಿನ ತಿಂಗಳ ಮೊದಲ ವಾರ ಬರುತ್ತಾರೆ. ಮಕ್ಕಳ ಟೂತ್‌ಪೇಸ್ಟಿಗೆ ಹಸಿರು ಸೇಬಿನ ರುಚಿ ಕಟ್ಟಲು ಅವರಿಗೆ ಇದು ಬೇಕು.

ಜೂನ್ ೧೫, ಗುರುವಾರ

ಥೂ. ಬರೆಯಲು ಏನೂ ಇಲ್ಲ.

ಜೂನ್ ೨೦, ಮಂಗಳವಾರ

ಕಾಲುಗುರು ಕತ್ತರಿಸುತ್ತಾಳೆ, ಚೂರುಗಳು ಸೋಫಾದಲ್ಲಿ ಸಿಗುತ್ತವೆ. ಹಲ್ಲಿನ ಸೆಟ್ಟು ನಾನು ಚಹಾ ಕುಡಿಯುವ ಲೋಟದಲ್ಲಿ. ಬಾಗಿಲಲ್ಲಿ ಕೂತು ಹೋಗುವವರನ್ನೆಲ್ಲ ಮಾತಾಡಿಸುತ್ತಾಳೆ. ನಾನು ಈ ಬೀದಿಗೆ ಬಂದು ವರ್ಷಗಳಾದರೂ ಮೂಲೆಮನೆಯ ಟೈಲರಿಗೆ ಕಿವಿ ಕೇಳಿಸದೆಂದು ನನಗೆ ತಿಳಿದಿರಲಿಲ್ಲ. ಅವಳಿಗೆ ಅವನ ಕಿವಿ ಯಾವ ಡಾಕ್ಟರು ಕೆಡಿಸಿದರು ಎನ್ನುವುದೂ ಗೊತ್ತು.

ಇವತ್ತು ಪಟ್ಟಿ ಬದಲಾಯಿಸುವಾಗ ಕರವಸ್ತ್ರ ಕೈಗೆ ಸಿಗಲಿಲ್ಲ. ಹುಡುಕಲು ಬೇಸರವಾಯಿತು. ಉಸಿರು ಕಟ್ಟಿಕೊಂಡು ಕೂತೆ.

"ಎಷ್ಟು ಹೊತ್ತು ಉಸಿರು ಕಟ್ಟಿಕೊಂಡು ಕೂತಿರ್ತೀಯ?" ಎಂದಳು. "ಮಧ್ಯಾಹ್ನದ ಬಸ್ಸಲ್ಲಿ ಎಲ್ಲರೂ ಕಂಬಿ ಹಿಡ್ಕೊಂಡು ಕೈ ಮೇಲೆತ್ತಿರ್ತಾರೆ. ಅಷ್ಟೂ ಕಂಕುಳ ಮಧ್ಯೆ ನನ್ನ ಮೂಗು. ಮೊದಲ ದಿನ ನಾನೂ ಕಟ್ಟಿಕೊಂಡಿದ್ದೆ. ಎರಡನೇ ಸ್ಟಾಪಲ್ಲಿ ತಲೆ ತಿರುಗಿ ಒಬ್ಬ ಮುದುಕನ ತೊಡೆ ಮೇಲೆ ಬಿದ್ದೆ."

ಆಮೇಲೆ ಏನಾಯಿತೆಂದು ಕೇಳಿದೆ. ಮುದುಕ ಟಿಕೆಟ್ ತಗೊಂಡಿರಲಿಲ್ಲ, ಸಿಕ್ಕಿಬಿದ್ದ ಎಂದಳು. ನಗು ಬಂದು ಉಸಿರು ಬಿಟ್ಟೆ. ಬಿಟ್ಟ ಮೇಲೆ ಎಳೆದುಕೊಳ್ಳಲೇಬೇಕಲ್ಲ. ಎಂಥ ವಾಸನೆ.

ಜೂನ್ ೨೪, ಶನಿವಾರ

ಸೆಂಟುಸಾಹೇಬರಿಗೆ ಉಪಾಯ ಹೊಳೆದಿದೆ. ಕೆಟ್ಟ ಡಬ್ಬಿಯನ್ನು ವಾಪಸ್ಸು ಕಳಿಸುವ ಬದಲು, ಅದನ್ನೇ ಹಾಕಿ, ಸೀಸದ ಲವಣವನ್ನು ನೇರವಾಗಿ ರಿಯಾಕ್ಟರಿಗೆ ಸುರಿಯುವುದು. ಕ್ವಿನೊಲಿನ್ ಬೇಡವೇ ಬೇಡ. ಸೀಸವೊಂದೇ ಸಾಕು, ಎರಡು ಪಾಲು ಹಾಕಿ ಎಂದರು. ಸುರಿದೆವು. ಮುಳ್ಳು ನಿಲ್ಲಬೇಕಾದಲ್ಲಿ ನಿಂತಿತು. ಹುಲ್ಲು ಬಂತು; ಒಳ್ಳೆಯ ಹುಲ್ಲು. ಇಷ್ಟು ಸ್ವಚ್ಛವಾದ ವಾಸನೆ ನಾನು ಮೂಸಿ ಬಹಳ ಕಾಲವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಆದರೆ ಬಟ್ಟಿ ಇಳಿಸುವ ಕಾಲಂ ಕೆಟ್ಟು ಕೂತಿದೆ. ಅದರ ವ್ಯಾಕ್ಯೂಮ್ ಪಂಪು ಬಿಚ್ಚಿ ಹಾಕಿದ್ದಾರೆ, ಬಿಡಿಭಾಗ ಬಂದಿಲ್ಲ. ಬಟ್ಟಿ ಇಳಿಸದಿದ್ದರೆ ಸುರಿದ ಸೀಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಎರಡು ಸಲ ಸೋಸಿ ಪೀಪಾಯಿಗೆ ತುಂಬಿಸಿ ಎಂದರು. ಫೋರ್‌ಮನ್ ನನ್ನ ಮುಖ ನೋಡಿದ. ನಾನು ಗಡಿಯಾರ ನೋಡಿದೆ.

ಜೂನ್ ೨೬, ಸೋಮವಾರ

ಲೋಹ ಅಳೆಯುವ ಯಂತ್ರಕ್ಕೆ ಹಾಕಿ ನೋಡಿದೆ. ಬಾಯಿಗೆ ಹೋಗುವ ಪದಾರ್ಥದಲ್ಲಿ ಇರಬಹುದಾದ ಸೀಸಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಯಂತ್ರ ತಪ್ಪಿರಬಹುದೆಂದು ತೊಳೆದು ಮತ್ತೆ ಹಾಕಿದೆ. ಅದೇ.

ಸೆಂಟುಸಾಹೇಬರ ಕೋಣೆಗೆ ಹೋದೆ. ಅವರು ಕಿತ್ತಳೆ ಹಣ್ಣು ಬಿಡಿಸುತ್ತಿದ್ದರು.

"ಅಳೀರಿ ಅಂತ ಹೇಳಿದವರು ಯಾರು?"

"ಯಾರೂ ಇಲ್ಲ ಸರ್. ನಾನೇ ಅಳೆದೆ."

"ಒಂದು ಹನಿ ಒಂದು ಹಂಡೆಗೆ ಹೋಗತ್ತೆ ಮೇಡಂ. ಯಾವ ಮಗು ಪೇಸ್ಟನ್ನ ಊಟ ಮಾಡತ್ತೆ? ಉಗುಳ್ತಾರೆ." ಒಂದು ತೊಳೆ ನನ್ನ ಕಡೆ ಚಾಚಿದರು. "ನಿಮ್ಮ ಕೆಲಸ ಮೂಗಿಂದು. ಮೂಗು ಏನು ಹೇಳ್ತು, ಅಷ್ಟು ಬರೀರಿ."

ತಮ್ಮನ ಮಗಳು ಬೆರಳಿನ ಮೇಲೆ ಪೇಸ್ಟು ಹಿಂಡಿಕೊಂಡು ನೆಕ್ಕುತ್ತಾಳೆ. ಉಗುಳು ಅಂದರೆ ನುಂಗಿ ನಾಲಿಗೆ ತೋರಿಸುತ್ತಾಳೆ. ಇದನ್ನು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಕಿತ್ತಳೆಯ ತೊಳೆ ತೆಗೆದುಕೊಂಡು ಬಂದೆ.

ಪರೀಕ್ಷೆಯ ಹಾಳೆಯಲ್ಲಿ "ವಾಸನೆ: ಅತ್ಯುತ್ತಮ" ಎಂದು ಬರೆದೆ. ಬರೆದದ್ದರಲ್ಲಿ ಸುಳ್ಳಿಲ್ಲ. ಅದೇ ಹೇಸಿಗೆ. ಕ್ವಿನೊಲಿನ್ ಇದ್ದಿದ್ದರೆ ನಾತ ಹೊಡೆದು ತಾನಿದ್ದೇನೆ ಎಂದು ಹೇಳುತ್ತಿತ್ತು. ಸೀಸಕ್ಕೆ ವಾಸನೆಯಿಲ್ಲ. ನನ್ನ ಮೂಗು ಇದ್ದೂ ಒಂದೇ, ಇಲ್ಲದೆಯೂ ಒಂದೇ.

ಕಿತ್ತಳೆಯ ತೊಳೆಯನ್ನು ಗೇಟಿನ ಹೊರಗೆ ಚರಂಡಿಗೆ ಎಸೆದೆ. ಕೈಯಿಂದ ಆ ವಾಸನೆ ಇನ್ನೂ ಹೋಗಿಲ್ಲ.

ಜೂನ್ ೨೭, ಮಂಗಳವಾರ

ಹುಣ್ಣು ಹದಗೆಟ್ಟಿದೆ. ಸುತ್ತ ಕೆಂಪು, ಮುಟ್ಟಿದರೆ ಬಿಸಿ. ಅಂಚಿನ ಒಂದು ಕಡೆ ಕಪ್ಪಾಗಿದೆ. ಒಂದು ಕೈಯ ಗವಸುಗಳನ್ನು ತೆಗೆದುಹಾಕಿ ಬರಿಬೆರಳಿನಿಂದ ಒತ್ತಿ ನೋಡಬೇಕಾಯಿತು. ಗವಸಿನಲ್ಲಿ ಬಿಸಿ ತಿಳಿಯುವುದಿಲ್ಲ.

ಕೆಲಸದ ವಿಷಯ ಬಾಯಿಗೆ ಬಂದುಬಿಟ್ಟಿತು. ಅವಳಿಗೆ ನೋವು ಜಾಸ್ತಿ ಇತ್ತು, ಅರ್ಧ ಕೇಳಿದಳೋ ಇಲ್ಲವೋ.

"ನಿನ್ನ ಸಾಹೇಬನಿಗೆ ಮೊದಲು ಒಂದು ಚಮಚ ಕುಡಿಸು" ಎಂದಳು. ಅಷ್ಟೇ. ಆಮೇಲೆ ದಿಂಬು ಸರಿಯಿಲ್ಲವೆಂದು ಬೈದಳು, ನೀರು ಬಿಸಿಯೆಂದು ಬೈದಳು, ತಮ್ಮನನ್ನು ಬೈದಳು, ಬಸ್ಸಿನ ಕಂಪನಿಯನ್ನು ಬೈದಳು.

ಹೇಳುವುದು ಸುಲಭ. ಅವಳು ಬಸ್ಸಿನಲ್ಲಿ ನಿಂತು ಬೈದವಳು, ಸಂಬಳ ಬಂತು. ನಾನು ಬೈದರೆ ಸಂಬಳ ಹೋಗುತ್ತದೆ. ಈ ಊರಿನಲ್ಲಿ ಮೂಗು ಬೇಕಾದ ಕಾರ್ಖಾನೆ ಇನ್ನೊಂದಿಲ್ಲ.

ಜುಲೈ ೧, ಶನಿವಾರ

ಚಿಕ್ಕಮ್ಮನಿಗೆ ಎರಡು ದಿನದಿಂದ ಜ್ವರ. ಇವತ್ತು ಬೆಳಿಗ್ಗೆ ಅವಳು ನನ್ನನ್ನು ಅಮ್ಮನ ಹೆಸರಿಂದ ಕರೆದಳು. ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಮ್ಮನಿಗೆ ಮೀಟಿಂಗಂತೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋಡಿದವಳೇ, ಸತ್ತ ಮಾಂಸವನ್ನೆಲ್ಲ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಕಾಲೇ ಹೋಗುತ್ತದೆ ಎಂದಳು. ಮರಗಟ್ಟುವ ಸೂಜಿ ಕೊಟ್ಟು ಶುರು ಮಾಡಿದಳು. ನರ್ಸು ಒಬ್ಬಳೇ, ಕಾಲು ಹಿಡಿದುಕೊಳ್ಳಿ ಎಂದರು, ಹಿಡಿದುಕೊಂಡೆ. ಚಿಕ್ಕಮ್ಮ ನನ್ನ ತೋಳು ಹಿಡಿದು ಹಿಂಡಿದಳು, ಉಗುರಿನ ಗುರುತು ಈಗಲೂ ಇದೆ. ಕಪ್ಪು ಪದರ ಹೋಗಿ ಕೆಳಗೆ ಕೆಂಪು ಕಾಣಿಸಿತು. ರಕ್ತ ಬಂತು. ರಕ್ತ ಬಂದರೆ ಒಳ್ಳೆಯದು, ಜೀವ ಇದೆ ಅಂತ ಅರ್ಥ ಎಂದಳು ಡಾಕ್ಟರು.

ನರ್ಸು ಟ್ರೇಯನ್ನು ನನ್ನ ಮೂಗಿನ ಕೆಳಗಿಂದಲೇ ತೆಗೆದುಕೊಂಡು ಹೋದಳು. ಆಮೇಲೆ ವರಾಂಡದಲ್ಲಿ ಕೂತು ಬ್ರೆಡ್ಡು ತಿಂದೆ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬ್ರೆಡ್ಡು ಒಣಗಿತ್ತು. ಆಸ್ಪತ್ರೆಯ ಕ್ಯಾಂಟೀನು ನಡೆಸುವ ಆ ದರಿದ್ರ ಮುಂಡೇದಕ್ಕೆ ಹೇಳುವವರು ಕೇಳುವವರು ಇಲ್ಲ.

ಜುಲೈ ೪, ಮಂಗಳವಾರ

ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ, ಸಿಟ್ಟಿಗೆ.

ಕೊಳ್ಳುವ ಕಂಪನಿಯ ತಪಾಸಣೆಯವರು ಬಂದರು. ದಪ್ಪ ಮೈಯ, ಸಾಧು ಮುಖದ ಮನುಷ್ಯ. ನೆಗಡಿ. ವಾಸನೆ ನೋಡಲು ಬಂದವರ ಮೂಗು ಕಟ್ಟಿತ್ತು. ಕಾಗದದ ಪಟ್ಟಿಯನ್ನು ಪೀಪಾಯಿಯ ಮಾಲಿನಲ್ಲಿ ಅದ್ದಿ ಮೂಗಿಗೆ ಹಿಡಿದು, ಸೀನಿ, ಅದೇ ಪಟ್ಟಿಯಿಂದ ಮೀಸೆ ಒರೆಸಿಕೊಂಡರು. ಇಂಥವರ ಮೂಗಿನ ಮೇಲೆ ಮಕ್ಕಳ ಬಾಯಿ ನಿಂತಿದೆ.

ಸೆಂಟುಸಾಹೇಬರು ಪಕ್ಕದಲ್ಲಿ ಕೈಕಟ್ಟಿಕೊಂಡು ನಗುತ್ತಿದ್ದರು. ಇವತ್ತು ಎರಡು ಸೀಸೆ ಸುರಿದುಕೊಂಡು ಬಂದಿದ್ದರೋ ಏನೋ.

"ನನಗೇನೂ ತಿಳೀತಿಲ್ಲ ಮೇಡಂ. ನೀವೇ ಹೇಳಿ, ಹೇಗಿದೆ?" ಎಂದು ತಪಾಸಣೆಯವರು ನನ್ನನ್ನು ಕೇಳಿದರು.

ಅತ್ಯುತ್ತಮ ಎಂದು ಹೇಳಬೇಕಿತ್ತು. ಬರೆದೂ ಆಗಿತ್ತು. ಹೇಳಲು ಉಸಿರು ಎಳೆದುಕೊಂಡೆ. ಹುಲ್ಲು, ಅದರ ಮೇಲೆ ಸಾಹೇಬರ ಸೆಂಟು, ಎರಡೂ ಸೇರಿ ಗಂಟಲಿಗೆ ಬಂತು. ಇಷ್ಟು ದಿನದಲ್ಲಿ ಯಾವ ನಾತಕ್ಕೂ ಹೀಗೆ ಹೇಸಿದ್ದಿಲ್ಲ.

"ವಾಸನೆ ಚೆನ್ನಾಗಿದೆ" ಎಂದೆ. "ಆದ್ರೆ ಬಾಯಿಗೆ ಹಾಕೋ ಹಾಗಿಲ್ಲ. ಸೀಸ ಇದೆ. ಬಟ್ಟಿ ಇಳಿಸಿಲ್ಲ, ಬರೀ ಸೋಸಿ ತುಂಬಿಸಿದೀವಿ."

ತಪಾಸಣೆಯವರು ಕರವಸ್ತ್ರವನ್ನು ಮೂಗಿನಿಂದ ಇಳಿಸಿದರು. ಸೆಂಟುಸಾಹೇಬರು ನಗುವನ್ನು ಇಳಿಸಲಿಲ್ಲ. ಮೇಡಂ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಪಾಪ, ನಿದ್ದೆಯಿಲ್ಲ, ಏನೇನೋ ಮಾತಾಡುತ್ತಾರೆ ಎಂದು ತಪಾಸಣೆಯವರ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದರು.

"ನಿದ್ದೆ ಚೆನ್ನಾಗೇ ಬರತ್ತೆ ಸಾಹೇಬ್ರೆ" ಎಂದೆ. "ನಿಮಗೆ ನಿಮ್ಮ ಮಾಲಿನ ಮೇಲೆ ನಂಬಿಕೆ ಇದ್ರೆ ಒಂದು ಚಮಚ ಕುಡಿದು ತೋರ್ಸಿ. ಕುಡಿಯೋವರೆಗೂ ನಾನಿಲ್ಲೇ ನಿಂತಿರ್ತೀನಿ. ನಿಂತ್ಕೊಳ್ಳೋದು ನಮ್ಮ ಮನೆತನದ ಕಸುಬು."

ಚಮಚವನ್ನು ನಿಜವಾಗಿಯೂ ಚಾಚಿದ್ದೆ. ಮಾದರಿ ತೆಗೆಯುವ ಸ್ಟೀಲಿನ ಚಮಚ. ಅವರು ಒಂದು ಹೆಜ್ಜೆ ಹಿಂದಕ್ಕೆ ಹೋದರು. ಆ ಒಂದು ಹೆಜ್ಜೆಯನ್ನು ತಪಾಸಣೆಯವರೂ ನೋಡಿದರು.

ಆಮೇಲೆ ಅವರು ತಾವೇ ಸೀಸೆಗೆ ಮಾದರಿ ತುಂಬಿ ಮುದ್ರೆ ಒತ್ತಿದರು. ಪೀಪಾಯಿಗಳಿಗೆಲ್ಲ ತಡೆಯ ಚೀಟಿ ಅಂಟಿಸಿದರು. ಹೊರಡುವಾಗ ನನ್ನ ಪಕ್ಕ ಬಂದು, ಮೆಲ್ಲಗೆ, "ನೀವು ಹೇಳದೇ ಇದ್ದಿದ್ರೆ ನನಗೂ ಸುಲಭ ಆಗಿರೋದು" ಎಂದರು. ಸಂಜೆಯ ರೈಲು ತಪ್ಪಿತಂತೆ. ಥೂ, ಇವನೂ ಅದೇ ಜಾತಿ.

ನಾನು ಕೂಗಿದ್ದು ಕೆಳಗಿನ ಬಾಯ್ಲರ್ ಕೋಣೆಗೂ ಕೇಳಿಸಿತು ಎಂದು ಫೋರ್‌ಮನ್ ಹೇಳಿದ. ಸುಮ್ಮನೆ ಹೇಳುತ್ತಾನೆ. ನನ್ನ ದನಿ ಅಷ್ಟು ದೊಡ್ಡದಲ್ಲ.

ಜುಲೈ ೫, ಬುಧವಾರ

ಗೇಟಿನಲ್ಲೇ ತಡೆದರು. ಕಾವಲಿನವನು ನನ್ನ ಬಿಳಿ ಕೋಟು, ಊಟದ ಡಬ್ಬಿ, ಚಪ್ಪಲಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ. ಮುಖ ಎತ್ತಲಿಲ್ಲ. ಡಬ್ಬಿಯನ್ನು ತೊಳೆದಿರಲಿಲ್ಲ.

ಸಗಣಿಯವನ ಸರಸಕ್ಕಿಂತ ಗಂಧದವನ ಗುದ್ದಾಟ ಮೇಲು ಅಂತ ಯಾವನು ಹೇಳಿದನೋ. ಗಂಧದವನ ಹತ್ತಿರ ಗುದ್ದಾಡಿ ಬಂದೆ. ಏನೂ ಮೇಲಿಲ್ಲ.

ಜುಲೈ ೧೩, ಗುರುವಾರ

ಸಂಜೆ ಫೋರ್‌ಮನ್ ಮನೆಗೆ ಬಂದ. ನಾನು ಪಟ್ಟಿ ಬಿಚ್ಚಿ ಕೂತಿದ್ದೆ, ನಡುವೆ ಏಳುವ ಹಾಗಿರಲಿಲ್ಲ. ಎದುರಿಗೇ ಕುರ್ಚಿ ಎಳೆದುಕೊಳ್ಳಲು ಹೇಳಿ ಕೂರಿಸಿದೆ. ಚಹಾ ಮೊದಲೇ ಮಾಡಿ ಪಕ್ಕದಲ್ಲಿಟ್ಟಿದ್ದೆ, ಕೂತಲ್ಲಿಂದಲೇ ಬಗ್ಗಿಸಿ ಕೊಟ್ಟೆ.

ಆ ಕಂಪನಿಯ ಪ್ರಯೋಗಾಲಯದಲ್ಲೂ ಸೀಸ ಸಿಕ್ಕಿತಂತೆ. ಒಪ್ಪುವುದಿಲ್ಲ ಎಂದು ಬರೆದರಂತೆ. ಮಾಲೀಕರು ಓಡಿ ಬಂದು, ಎಲ್ಲಿಂದಲೋ ಪಂಪು ತರಿಸಿ, ಕಾಲಂ ಜೋಡಿಸಿ, ಅಷ್ಟೂ ಮಾಲನ್ನು ಬಟ್ಟಿ ಇಳಿಸಿದರಂತೆ. ಹಂಡೆಯ ತಳದಲ್ಲಿ ಕಂದು ಕೆಸರು ಉಳಿಯಿತಂತೆ. ಮೇಲೆ ಬಂದದ್ದರಲ್ಲಿ ಸೀಸ ಇಲ್ಲ. ಮತ್ತೆ ಪರೀಕ್ಷೆ ಮಾಡಿ ಒಪ್ಪಿಕೊಂಡರಂತೆ. ಇಷ್ಟು ಬೇಗ ಸರಿಪಡಿಸಿದ್ದಕ್ಕೆ ಸೆಂಟುಸಾಹೇಬರ ಕೈಯನ್ನು ಮಾಲೀಕರು ಎಲ್ಲರ ಮುಂದೆ ಕುಲುಕಿದರಂತೆ. ನನ್ನ ಬಗ್ಗೆ, ಆರೋಗ್ಯ ಸರಿಯಿಲ್ಲದೆ ಕೆಲಸ ಬಿಟ್ಟಿದ್ದಾರೆ ಎಂದು ಹೇಳಿದ್ದಾರಂತೆ.

"ಮಾಲು ಮಾತ್ರ ಚೊಕ್ಕ ಆಯ್ತು ಮೇಡಂ" ಎಂದ ಫೋರ್‌ಮನ್. ಒಳ್ಳೆಯ ಮನುಷ್ಯ. ಅವನ ಕಣ್ಣಲ್ಲಿ ನೀರಿತ್ತು.

ಚಿಕ್ಕಮ್ಮ ಅವನಿಗೆ, "ಆ ಕೆಸರು ಉಳೀತಲ್ಲ, ಅದಕ್ಕೂ ಸ್ವಲ್ಪ ಸೆಂಟು ಹೊಡೆದು ಮ್ಯಾನೇಜರ್ ಮಾಡಿ" ಎಂದಳು. ನಾನೂ ಅದನ್ನೇ ಹೇಳಬೇಕೆಂದಿದ್ದೆ.

ಹುಣ್ಣಿನ ಅಂಚಿನಲ್ಲಿ ತೆಳ್ಳಗೆ ಹೊಸ ಚರ್ಮ ಕಾಣಿಸುತ್ತಿದೆ. ಈರುಳ್ಳಿಯ ಒಳಪೊರೆಯಂತೆ. ಫೋರ್‌ಮನ್‌ಗೂ ತೋರಿಸಿದೆ, ಕಾಲೆತ್ತಿ ಬೆಳಕಿಗೆ ಹಿಡಿದು. ಅವನು ಗೋಡೆಯ ಕಡೆ ನೋಡುತ್ತ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಚಹಾವನ್ನು ಒಂದು ಗುಟುಕೂ ಕುಡಿಯದೆ ಹಾಗೇ ಬಿಟ್ಟುಹೋದ. ಸಕ್ಕರೆ ಸರಿಯಾಗೇ ಹಾಕಿದ್ದೆ. ಜನರಿಗೆ ಮರ್ಯಾದೆ ಅನ್ನುವುದೇ ಇಲ್ಲ.

ಜುಲೈ ೨೪, ಸೋಮವಾರ

ಊರಿನ ಕೊಳಚೆನೀರು ಶುದ್ಧ ಮಾಡುವ ಘಟಕದಲ್ಲಿ ರಸಾಯನತಜ್ಞರು ಬೇಕೆಂದು ಪ್ರಕಟಣೆ ಇತ್ತು. ಮೂಲೆಮನೆಯ ಟೈಲರು ಪತ್ರಿಕೆ ತಂದು ಚಿಕ್ಕಮ್ಮನಿಗೆ ಕೊಟ್ಟಿದ್ದ. ಇವತ್ತು ಹೋಗಿ ಬಂದೆ.

ಊರಾಚೆ, ದೊಡ್ಡ ದೊಡ್ಡ ದುಂಡನೆಯ ತೊಟ್ಟಿಗಳು. ಊರವರೆಲ್ಲ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಾಡಿದ್ದು ಅಲ್ಲಿ ಬಾಗಿಲಿಲ್ಲದೆ ತಿರುಗುತ್ತಿರುತ್ತದೆ. ನಡುವೆ ಒಂದು ಕಟ್ಟೆ, ಅದರ ಮೇಲೆ ಅಧಿಕಾರಿ ನನ್ನನ್ನು ನಡೆಸಿಕೊಂಡು ಹೋದರು. ಕಾರ್ಖಾನೆಗಳು ಕದ್ದು ಚರಂಡಿಗೆ ಬಿಡುವ ಲೋಹಗಳನ್ನು ಅಳೆಯುವುದು ಮುಖ್ಯ ಕೆಲಸವಂತೆ: ಸೀಸ, ಪಾದರಸ, ಇನ್ನೇನೇನೋ. ಯಂತ್ರ ಹಳೆಯದು, ನಾನು ಹಿಂದೆ ಬಳಸಿದಂಥದ್ದೇ. ಎಲ್ಲ ಸರಿಯಾಗಿಯೇ ನಡೆಯಿತು.

ಕೊನೆಯಲ್ಲಿ ಆತ ತಲೆ ಕೆರೆದುಕೊಳ್ಳುತ್ತ, "ನಿಮಗೆ ಇಲ್ಲಿ ವಾಸನೆ ತಡ್ಕೊಳ್ಳೋಕಾಗತ್ತಾ? ಬಂದವರೆಲ್ಲ ವಾರಕ್ಕೇ ಓಡಿಹೋಗ್ತಾರೆ" ಎಂದ.

ನನಗೆ ಅವಮಾನವಾಯಿತು. ಇಷ್ಟು ವರ್ಷ ರಸಾಯನಶಾಸ್ತ್ರ ಮಾಡಿದವಳನ್ನು ಕೇಳುವ ಪ್ರಶ್ನೆಯೇ ಇದು? ಯಾವ ವಾಸನೆ ಎಂದು ಕೇಳಿದೆ. ಆತ ನಗುತ್ತ ನನ್ನ ಮುಖ ನೋಡಿದ. ಹಲ್ಲು ಉಜ್ಜದ ಮನುಷ್ಯ.

ತಮ್ಮ ಫೋನ್ ಮಾಡಿದ್ದ. ಚಿಕ್ಕಮ್ಮನಿಗೆ ಒಂದು ಒಳ್ಳೆಯ ಜಾಗ ಸಿಕ್ಕಿದೆ, ನೆಲಮಟ್ಟದ್ದೇ, ನೋಡಿಕೊಳ್ಳುವವರಿದ್ದಾರೆ ಎಂದ. ಯಾಕೆ ಎಂದೆ. ನೀನೇ ಕೇಳಿದ್ದೆಯಲ್ಲ ಅಕ್ಕ ಎಂದ. ಹುಣ್ಣು ಮಾಯುವ ಹೊತ್ತಿಗೆ ಜಾಗ ಬದಲಾಯಿಸುವ ಹುಚ್ಚು ಯಾರಿಗಿದೆ? ಪಟ್ಟಿ ಎಷ್ಟು ಬಿಗಿ ಸುತ್ತಬೇಕೆಂದು ಅಲ್ಲಿ ಯಾವ ಮೂದೇವಿಗೆ ತಿಳಿದಿರುತ್ತದೆ? ಚೆನ್ನಾಗಿ ಉಗಿದು ಫೋನ್ ಇಟ್ಟೆ. ಎಂಥ ಹೊಣೆಗೇಡಿ.

ಆಗಸ್ಟ್ ೧, ಮಂಗಳವಾರ

ಹೊಸ ಕೆಲಸದ ಮೊದಲ ದಿನ. ಮಾದರಿಗಳು ತಕರಾರಿಲ್ಲದೆ ಬಂದವು. ಒಂದರಲ್ಲಿ ಸೀಸ ಸ್ವಲ್ಪ ಜಾಸ್ತಿಯಿತ್ತು. ಯಾವ ಕಡೆಯ ಚರಂಡಿಯಿಂದ ಬಂತೆಂದು ಹುಡುಕಲು ನಾಳೆ ನಾನೇ ಹೋಗುತ್ತೇನೆ, ಮೇಲಿನವರು ಹೇಳುವವರೆಗೆ ಕಾಯುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ಮಧ್ಯಾಹ್ನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಊಟ ಮಾಡಿದೆ. ಒಳಗಿನ ಕೋಣೆ ಸೆಕೆ. ಹೊರಗೆ ಗಾಳಿ ಚೆನ್ನಾಗಿತ್ತು.

ಮನೆಗೆ ಬಂದು ಬಾಗಿಲು ದಾಟುವುದಕ್ಕೂ ಮುಂಚೆ ಚಿಕ್ಕಮ್ಮ, "ಹೋಲ್ಡನ್, ಅಲ್ಲೇ ನಿಲ್ಲು" ಎಂದು ಕೂಗಿದಳು. "ನಾತ ಹೊಡೀತಿದೀಯ. ಮೊದಲು ಸ್ನಾನ ಮಾಡು, ಆಮೇಲೆ ನನ್ನ ಕಾಲು ಮುಟ್ಟು."

ಕೋಟಿನ ತೋಳು ಮೂಸಿ ನೋಡಿದೆ. ನನಗೇನೂ ತಿಳಿಯಲಿಲ್ಲ. ಮೊದಲು ಕಾಲು ಕೊಡು, ಪಟ್ಟಿಗೆ ಹೊತ್ತು ಮೀರಿದೆ ಎಂದೆ. ಬಹಳ ಹೊತ್ತು ಕಿತ್ತಾಡಿದಳು. ಆಮೇಲೆ ಒಂದು ಕೈಯಲ್ಲಿ ಮೂಗು ಭದ್ರವಾಗಿ ಮುಚ್ಚಿಕೊಂಡು, ಮುಖ ಗೋಡೆಗೆ ತಿರುಗಿಸಿ, ಕಾಲು ಚಾಚಿದಳು. ಎಷ್ಟು ನಾಜೂಕು ಈ ಮುದುಕಿಗೆ.